ಬಳಸಿದ ಏಳು ಆಸನದ ಎಸ್‌ಯುವಿ: ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ಏಳುಮಂದಿ:

ನಮ್ಮದು ಏಳು ಜನರ ಸಂಸಾರ. ನಾವು ದಂಪತಿ, ಒಂಬತ್ತು, ಆರು ಮತ್ತು ಎರಡು ವರ್ಷದ ಮೂವರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ತಂದೆತಾಯಿ. ಈಗಿರುವ ಐದು ಆಸನದ ಕಾರಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದು ಸಾಧ್ಯವಾಗದೆ, ಪ್ರತಿ ಸಲವೂ ಯಾರಾದರೊಬ್ಬರು ಮನೆಯಲ್ಲೇ ಉಳಿಯಬೇಕಾಗುತ್ತದೆ. ಹೊಸ ಗಾಡಿಯನ್ನು ಕೊಳ್ಳುವ ಉದ್ದೇಶ ಇಲ್ಲ. ಐದರಿಂದ ಎಂಟು ವರ್ಷ ಹಳೆಯದಾದ, ಇನ್ನೂ ಏಳೆಂಟು ವರ್ಷ ನಂಬಿಕೆಯಿಂದ ಓಡಿಸಬಹುದಾದ ಗಾಡಿಯನ್ನು ಹುಡುಕುತ್ತಿದ್ದೇನೆ. ಸದ್ಯದ ಪಟ್ಟಿಯಲ್ಲಿ ಸ್ಕೋಡಾ ಕೊಡಿಯಾಕ್, ಕಿಯಾ ಸೊರೆಂಟೊ, ಟೊಯೊಟಾ ಪ್ರಾಡೊ ಮತ್ತು ವೋಲ್ವೊ ಎಕ್ಸ್‌ಸಿ90 ಇವೆ. ಡೀಸೆಲ್ ಒಳ್ಳೆಯದೋ ಪೆಟ್ರೋಲ್ ಒಳ್ಳೆಯದೋ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯವಸ್ಥೆ ನಮಗೆ ನಿಜಕ್ಕೂ ಬೇಕೋ ಬೇಡವೋ ಎಂಬುದೇ ತಿಳಿಯದೆ, ಜಾಹೀರಾತುಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ದೂರದಾರಿ:

ಏಳುಮಂದಿಯವರೇ, ಇಂಜಿನ್‌ನ ವಿಚಾರವನ್ನು ಸ್ವಲ್ಪ ಹೊತ್ತು ಬದಿಗಿಡಿ. ಗಾಡಿಯನ್ನು ನೋಡಲು ಹೋದಾಗ ಎಲ್ಲರೂ ಮೊದಲು ಚಾಲಕನ ಆಸನದಲ್ಲಿ ಕುಳಿತು ಸ್ಟೀರಿಂಗ್ ಹಿಡಿಯುತ್ತಾರೆ. ನೀವು ಮಾತ್ರ ನೇರವಾಗಿ ಮೂರನೇ ಸಾಲಿಗೆ ಹೋಗಿ, ಅಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ಎರಡನೇ ಸಾಲನ್ನು ಅದರಲ್ಲಿ ಕೂರುವವರಿಗೆ ಬೇಕಾದಷ್ಟು ಹಿಂದಕ್ಕೆ ಸರಿಸಿದ ಮೇಲೆಯೇ ಕೂರಬೇಕು, ಏಕೆಂದರೆ ಮಾರುವವರು ಅದನ್ನು ಸಾಧ್ಯವಾದಷ್ಟು ಮುಂದಕ್ಕೆ ತಳ್ಳಿ, ಹಿಂದೆ ಧಾರಾಳ ಜಾಗವಿದೆ ಎಂದು ತೋರಿಸುವುದು ವಾಡಿಕೆ.

ಪ್ರಾಡೊದಂತಹ ಗಾಡಿಗಳಲ್ಲಿ ಏಣಿಯಂತಹ ಉಕ್ಕಿನ ಚಾಸಿಯ ಮೇಲೆ ದೇಹವನ್ನು ಕೂರಿಸಿರುತ್ತಾರೆ, ಹಿಂದಿನ ಎರಡು ಚಕ್ರಗಳನ್ನು ಗಟ್ಟಿಯಾದ ಒಂದೇ ಆಕ್ಸಲ್ ಜೋಡಿಸಿರುತ್ತದೆ. ಆ ಆಕ್ಸಲ್ ಮೇಲೆ ಕೆಳಗೆ ಆಡಲು ಜಾಗ ಬೇಕಾದ್ದರಿಂದ ಮೂರನೇ ಸಾಲಿನ ನೆಲ ಎತ್ತರಕ್ಕೆ ಬರುತ್ತದೆ. ನೆಲ ಮೇಲೇರಿದಾಗ ಕೂರುವವರ ಮೊಣಕಾಲು ಎದೆಯ ಹತ್ತಿರಕ್ಕೆ ಬರುತ್ತದೆ, ತೊಡೆಗೆ ಆಧಾರವೇ ಸಿಗುವುದಿಲ್ಲ. ಕೊಡಿಯಾಕ್, ಸೊರೆಂಟೊ, ಎಕ್ಸ್‌ಸಿ90 ಇವುಗಳಲ್ಲಿ ಚಾಸಿ ಮತ್ತು ದೇಹ ಒಂದೇ ಆಗಿದ್ದು, ಹಿಂದಿನ ಚಕ್ರಗಳ ಸಸ್ಪೆನ್ಷನ್ ಬಿಡಿಬಿಡಿಯಾಗಿರುವುದರಿಂದ ನೆಲವನ್ನು ತಗ್ಗಿಸಲು ಸಾಧ್ಯವಾಗಿದೆ. ಎರಡನೇ ತಲೆಮಾರಿನ ಎಕ್ಸ್‌ಸಿ90 ಬಂದಾಗ, ಅದರ ಮೂರನೇ ಸಾಲು 170 ಸೆಂಟಿಮೀಟರ್ ಎತ್ತರದವರೆಗಿನವರಿಗೆ ಹೊಂದುತ್ತದೆ ಎಂದು ತಯಾರಕರೇ ಹೇಳಿದ್ದರು. ಅಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ.

ಇನ್ನೊಂದು ಸಂಗತಿಯನ್ನು ಕೊಂಡ ಮೇಲೆ ಅರಿತುಕೊಳ್ಳುವವರೇ ಹೆಚ್ಚು. ಏಳೂ ಆಸನಗಳನ್ನು ಎಬ್ಬಿಸಿದಾಗ ಡಿಕ್ಕಿಯಲ್ಲಿ ಎಷ್ಟು ಜಾಗ ಉಳಿಯುತ್ತದೆ? ಮೊದಲ ತಲೆಮಾರಿನ ಕೊಡಿಯಾಕ್‌ನಲ್ಲಿ ಉಳಿಯುವುದು 270 ಲೀಟರ್, ಅಂದರೆ ಒಂದು ಚಿಕ್ಕ ಕಾರಿನ ಡಿಕ್ಕಿಯಷ್ಟು. ಏಳು ಜನರ ನಾಲ್ಕು ದಿನದ ಬಟ್ಟೆಬರೆ ಅದರಲ್ಲಿ ಹಿಡಿಯದು. ನೋಡಲು ಹೋಗುವಾಗ ಮನೆಯ ದೊಡ್ಡ ಪೆಟ್ಟಿಗೆಯನ್ನೂ ಮಗುವಿನ ತಳ್ಳುಗಾಡಿಯನ್ನೂ ಜೊತೆಗೆ ಒಯ್ಯಿರಿ. ಮಾರುವವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಲೆಕ್ಕಪತ್ರ:

ಜಾಗದ ಮಾತು ಬಂದದ್ದರಿಂದ ತೂಕದ ಮಾತನ್ನೂ ಸೇರಿಸುತ್ತೇನೆ. ಏಳು ಆಸನ ಇದ್ದ ಮಾತ್ರಕ್ಕೆ ಏಳು ಜನರನ್ನೂ ಅವರ ಸಾಮಾನನ್ನೂ ಹೊರುವ ಶಕ್ತಿ ಗಾಡಿಗೆ ಇದೆ ಎಂದಾಗುವುದಿಲ್ಲ. ನಿಮ್ಮ ಕುಟುಂಬವನ್ನೇ ತೆಗೆದುಕೊಳ್ಳಿ: ನಾಲ್ವರು ದೊಡ್ಡವರು ತಲಾ 70 ಕಿಲೋ ಎಂದರೆ 280, ಮೂವರು ಮಕ್ಕಳು ಸೇರಿ ಸುಮಾರು 62, ಮಕ್ಕಳ ಆಸನಗಳು 25, ತಲಾ 12 ಕಿಲೋದಂತೆ ಸಾಮಾನು 84. ಒಟ್ಟು 451 ಕಿಲೋ ಆಯಿತು. ಇದರ ಮೇಲೆ ಚಾವಣಿಯ ಪೆಟ್ಟಿಗೆಗೆ 20, ಅದರೊಳಗಿನ ವಸ್ತುಗಳಿಗೆ 50 ಸೇರಿಸಿದರೆ 521ಕ್ಕೆ ಮುಟ್ಟುತ್ತದೆ. ಮಕ್ಕಳು ಬೆಳೆಯುತ್ತಲೇ ಇರುತ್ತಾರೆ ಎಂಬುದನ್ನೂ ಮರೆಯಬೇಡಿ.

ಬಾಗಿಲಿನ ಕಂಬದ ಮೇಲೋ ಬಾನೆಟ್‌ನ ಅಡಿಯಲ್ಲೋ ಇರುವ ತಯಾರಕರ ಫಲಕವನ್ನು ಓದಿ. ಅನೇಕ ದೇಶಗಳ ಗಾಡಿಗಳಲ್ಲಿ ಮೊದಲ ಸಂಖ್ಯೆ ತುಂಬಿದ ಗಾಡಿಯ ಗರಿಷ್ಠ ತೂಕವನ್ನು, ಕೊನೆಯ ಎರಡು ಸಂಖ್ಯೆಗಳು ಮುಂದಿನ ಮತ್ತು ಹಿಂದಿನ ಆಕ್ಸಲ್ ಹೊರಬಹುದಾದ ಮಿತಿಯನ್ನು ಸೂಚಿಸುತ್ತವೆ. ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ನಿಮ್ಮ ಪಾಲಿಗೆ ಉಳಿಯುವುದು ಎಷ್ಟೆಂದು ತಿಳಿಯುತ್ತದೆ. ಒಂದೇ ಮಾದರಿಯಲ್ಲೂ ಗಾಜಿನ ಚಾವಣಿ, ದೊಡ್ಡ ಚಕ್ರ, ನಾಲ್ಕು ಚಕ್ರದ ಚಾಲನೆ ಇವೆಲ್ಲ ಸೇರಿದ ಮೇಲ್ದರ್ಜೆಯ ಗಾಡಿಯೇ ಕಡಿಮೆ ಹೊರೆ ಹೊರುವುದು ಉಂಟು. ಮೂರನೇ ಸಾಲು ಮತ್ತು ಡಿಕ್ಕಿ ಎರಡೂ ಹಿಂದಿನ ಆಕ್ಸಲ್‌ನ ಮೇಲೆಯೇ ಬರುವುದರಿಂದ, ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂಬದಿ ಮಾತ್ರ ಮಿತಿ ಮೀರಿರಬಹುದು.

ಗ್ರೀಸ್ ಕೈ:

ಇಪ್ಪತ್ತು ವರ್ಷಗಳಿಂದ ಬಾನೆಟ್ ಎತ್ತಿ ಬದುಕುತ್ತಿರುವವರ ಮಾತೆಂದು ತಿಳಿಯಿರಿ. “ಯಾವ ಮಾದರಿ ಒಳ್ಳೆಯದು?” ಎಂದು ಎಲ್ಲರೂ ಕೇಳುತ್ತಾರೆ. ಎಂಟು ವರ್ಷ ಓಡಿದ ಗಾಡಿಯಲ್ಲಿ ಮಾದರಿಗಿಂತ ಅದನ್ನು ಸಾಕಿದವರ ಕೈ ಮುಖ್ಯ. ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿದ ಸಾಧಾರಣ ಇಂಜಿನ್, ಉಪೇಕ್ಷೆಗೆ ಒಳಗಾದ ಹೆಸರಾಂತ ಇಂಜಿನ್‌ಗಿಂತ ಹೆಚ್ಚು ಕಾಲ ಬಾಳುತ್ತದೆ. ಆದ್ದರಿಂದ ಸರ್ವಿಸ್ ದಾಖಲೆ ಇಲ್ಲದ ಗಾಡಿಯನ್ನು, ಅದು ಎಷ್ಟೇ ಹೊಳೆಯುತ್ತಿದ್ದರೂ, ನಾನು ಮುಟ್ಟುವುದಿಲ್ಲ.

ಹಾಗೆಂದು ಮಾದರಿಗಳ ಸ್ವಭಾವವನ್ನು ಅರಿಯದೆ ಹೋಗುವುದೂ ಸರಿಯಲ್ಲ. ಮೊದಲು ಇಂಜಿನ್‌ನ ಒಳಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸಲು ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂದು ತಿಳಿದುಕೊಳ್ಳಿ. ಪ್ರಾಡೊದಲ್ಲಿ 3.0 ಲೀಟರಿನ ಹಳೆಯ ಡೀಸೆಲ್‌ಗೆ ಬೆಲ್ಟ್ ಇದ್ದು, ಅದನ್ನು 1,50,000 ಕಿಲೋಮೀಟರಿಗೆ ಬದಲಿಸಬೇಕು. 2015ರಿಂದ ಬಂದ 2.8 ಲೀಟರಿನದಕ್ಕೆ ಚೈನ್ ಇದೆ. ಹೋಂಡಾ ಪೈಲಟ್‌ನ 3.5 ಲೀಟರಿನ ಆರು ಸಿಲಿಂಡರಿನ ವಿ6 ಇಂಜಿನ್‌ಗೆ ಬೆಲ್ಟ್ ಇದ್ದು, ಸುಮಾರು 1,60,000 ಕಿಲೋಮೀಟರಿನ ಹೊತ್ತಿಗೆ ವಾಟರ್ ಪಂಪ್‌ನೊಂದಿಗೆ ಅದನ್ನು ಬದಲಿಸುವುದು ರೂಢಿ. ಪ್ಯೂಜೋ 5008ರ 1.2 ಲೀಟರಿನ ಪ್ಯೂರ್‌ಟೆಕ್ ಪೆಟ್ರೋಲ್ ಇಂಜಿನ್‌ನಲ್ಲಿ ಬೆಲ್ಟ್ ಇಂಜಿನ್ ಆಯಿಲ್‌ನಲ್ಲೇ ತೊಯ್ದುಕೊಂಡು ಓಡುತ್ತದೆ. ಆ ಬೆಲ್ಟ್ ಕಾಲಕ್ರಮೇಣ ಸವೆದು ಉದುರಿದ ಚೂರುಗಳು ಆಯಿಲ್ ಹೀರುವ ಜಾಲರಿಯನ್ನು ಕಟ್ಟಿಬಿಡುತ್ತವೆ ಎಂಬುದು ಬಹಳ ಚರ್ಚೆಗೆ ಒಳಗಾದ ದೋಷ. ಹ್ಯುಂಡೈ ಮತ್ತು ಕಿಯಾದ ಥೀಟಾ 2 ಪೆಟ್ರೋಲ್ ಇಂಜಿನ್‌ಗಳನ್ನು ಬೇರಿಂಗ್ ಸವೆತದ ಕಾರಣದಿಂದ ಅಮೆರಿಕದಲ್ಲಿ 2015 ಮತ್ತು 2017ರಲ್ಲಿ ಹಿಂದಕ್ಕೆ ಕರೆಸಲಾಗಿತ್ತು. ಅಂತಹ ಗಾಡಿ ಕಂಡರೆ ದುರಸ್ತಿಯ ದಾಖಲೆಯನ್ನು ಕೇಳದೆ ಮುಂದುವರಿಯಬೇಡಿ.

ಗೇರ್‌ಬಾಕ್ಸ್‌ನ ವಿಷಯದಲ್ಲಿ “ಜೀವನಪೂರ್ತಿ ಆಯಿಲ್ ಬದಲಿಸಬೇಕಿಲ್ಲ” ಎಂಬ ಮಾತನ್ನು ನಂಬಬೇಡಿ. ಎಷ್ಟೋ ತಯಾರಕರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರ್ ಅಥವಾ ಎಂಟು ವರ್ಷಕ್ಕೆ ಬದಲಿಸಲು ಸಲಹೆ ಕೊಡುತ್ತದೆ. ಯಾರ ಜೀವನ ಪೂರ್ತಿ ಎಂದು ಕೇಳಿದರೆ, ವಾರಂಟಿಯ ಜೀವನ ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ. 2005ರಿಂದ 2010ರವರೆಗಿನ ನಿಸ್ಸಾನ್ ಪಾತ್‌ಫೈಂಡರ್‌ಗಳಲ್ಲಿ ರೇಡಿಯೇಟರಿನೊಳಗಿನ ಗೇರ್ ಆಯಿಲ್ ಕೂಲರ್ ಬಿರುಕು ಬಿಟ್ಟು, ಕೂಲೆಂಟ್ ಗೇರ್‌ಬಾಕ್ಸ್‌ಗೆ ಸೇರಿ ಎರಡನ್ನೂ ಹಾಳು ಮಾಡಿದ ಉದಾಹರಣೆಗಳು ಎಷ್ಟೋ ಇವೆ.

ಏಳುಮಂದಿ:

ಎಲ್ಲರಿಗೂ ಧನ್ಯವಾದಗಳು. ದೂರದಾರಿಯವರ ಮಾತಿನಂತೆ ನಿನ್ನೆ ಪ್ರಾಡೊದ ಮೂರನೇ ಸಾಲಿನಲ್ಲಿ ಕುಳಿತೆ. ಇಪ್ಪತ್ತು ನಿಮಿಷ ಬೇಕಾಗಲಿಲ್ಲ, ಏಳನೆಯ ನಿಮಿಷಕ್ಕೇ ಕೆಳಗಿಳಿದೆ. ಅದಕ್ಕಿಂತ ಮುಖ್ಯವಾಗಿ, ಅಮ್ಮ ಎರಡನೇ ಸಾಲಿಗೆ ಹತ್ತುವಾಗಲೇ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಅಷ್ಟು ಎತ್ತರದ ಗಾಡಿ ನಮಗೆ ಹೊಂದುವುದಿಲ್ಲ ಎಂಬುದು ಖಚಿತವಾಯಿತು. ಹೀಗೆ ನೋಡಿದರೆ ತಂದೆತಾಯಿ ಎರಡನೇ ಸಾಲಿನಲ್ಲೂ, ದೊಡ್ಡ ಮಕ್ಕಳಿಬ್ಬರು ಮೂರನೇ ಸಾಲಿನಲ್ಲೂ ಕೂರಬೇಕಾಗುತ್ತದೆ. ಎರಡು ವರ್ಷದ ಮಗು ಅಜ್ಜ ಅಜ್ಜಿಯ ನಡುವೆಯೋ ಪಕ್ಕದಲ್ಲೋ ಇರಬೇಕು. ಇದು ಸುರಕ್ಷಿತವೇ? ನಾವು ದಿನಕ್ಕೆ ಎರಡು ಸಲ ಏಳೆಂಟು ಕಿಲೋಮೀಟರ್ ಓಡಾಡುತ್ತೇವೆ, ತಿಂಗಳಿಗೊಮ್ಮೆ ದೂರದ ಪ್ರಯಾಣ ಮಾಡುತ್ತೇವೆ. ಇದಕ್ಕೆ ಡೀಸೆಲ್ ಸರಿಯೇ?

ಬೆಚ್ಚನೆ ಮಡಿಲು:

ಮಕ್ಕಳ ಆಸನದ ವಿಚಾರದಲ್ಲಿ ನಾನು ಸಾಕಷ್ಟು ಪರದಾಡಿದ್ದೇನೆ, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಮಗುವಿನ ಸೀಟನ್ನು ಸಿಕ್ಕಿಸುವ ಐಸೊಫಿಕ್ಸ್ ಎಂಬ ಉಕ್ಕಿನ ಕೊಂಡಿಗಳು ಎಲ್ಲ ಆಸನಗಳಲ್ಲೂ ಇರುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಅವು ಎರಡನೇ ಸಾಲಿನ ಎರಡು ಅಂಚಿನ ಆಸನಗಳಲ್ಲಿ ಮಾತ್ರ ಇರುತ್ತವೆ, ಮೂರನೇ ಸಾಲಿನಲ್ಲಿ ಎಷ್ಟೋ ಸಲ ಒಂದೂ ಇರುವುದಿಲ್ಲ. ಎರಡನೇ ತಲೆಮಾರಿನ ಪ್ಯೂಜೋ 5008ರಲ್ಲಿ ಎರಡನೇ ಸಾಲು ಮೂರು ಬಿಡಿ ಆಸನಗಳಾಗಿದ್ದು, ಮೂರಕ್ಕೂ ಕೊಂಡಿಗಳಿವೆ. ಎಕ್ಸ್‌ಸಿ90ರಲ್ಲಿ ಎರಡನೇ ಸಾಲಿನ ನಡುವಿನ ಆಸನದಿಂದಲೇ ಎದ್ದು ಬಂದು ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಇರುವ ಗಾಡಿಗಳು ಸಿಗುತ್ತವೆ, ಆದರೆ ಅದು ಸ್ವಲ್ಪ ದೊಡ್ಡ ಮಕ್ಕಳಿಗೆ, ಎರಡು ವರ್ಷದ ಮಗುವಿಗಲ್ಲ. ಕೊಂಡಿಗೆ ಸಿಕ್ಕಿಸುವ ಆಸನ ಮತ್ತು ಮಗು ಸೇರಿ 33 ಕಿಲೋ ಮೀರಬಾರದು ಎಂಬ ಮಿತಿ ಮಕ್ಕಳ ಆಸನಗಳ ಆರ್129 ಎಂಬ ನಿಯಮದಲ್ಲಿದೆ.

ಈಗ ಯಾವ ಜಾಹೀರಾತಿನಲ್ಲೂ ಕಾಣದ ತೊಡಕು. ಮೂರನೇ ಸಾಲಿಗೆ ಹೋಗಬೇಕಾದರೆ ಎರಡನೇ ಸಾಲಿನ ಅಂಚಿನ ಆಸನವನ್ನು ಮಡಚಬೇಕು. ಆ ಆಸನಕ್ಕೆ ಮಗುವಿನ ಸೀಟನ್ನು ಕಟ್ಟಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಅದು ಮಡಚುವುದೇ ಇಲ್ಲ. ಹೀಗಾಗಿ ಮಗುವಿನ ಸೀಟನ್ನು ರಸ್ತೆಯ ಕಡೆಯ ಅಂಚಿನಲ್ಲಿ ಕಟ್ಟಿ, ದೊಡ್ಡ ಮಕ್ಕಳು ಕಾಲುದಾರಿಯ ಕಡೆಯಿಂದ ಹತ್ತುವಂತೆ ಮಾಡಬೇಕು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಪ್ರತಿ ಸಲವೂ ಕೆಳಗಿಳಿದು ದಾರಿ ಬಿಡಬೇಕಾದೀತು. ನಿಮ್ಮ ಮಕ್ಕಳ ಸೀಟನ್ನು ನೋಡಲು ಹೋದ ಗಾಡಿಯಲ್ಲೇ ಕಟ್ಟಿ, ಈ ನಾಟಕವನ್ನು ಪೂರ್ತಿ ಆಡಿ ನೋಡಿದ ಹೊರತು ತೀರ್ಮಾನಕ್ಕೆ ಬರಬೇಡಿ.

ಪಕ್ಕದ ಪರದೆ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಇಳಿಯುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಸುರಕ್ಷತಾ ಪರೀಕ್ಷೆಯ ನಕ್ಷತ್ರಗಳ ಅಂಕವನ್ನು ಓದುವಾಗ ಪರೀಕ್ಷೆ ನಡೆದ ವರ್ಷವನ್ನೂ ಓದಿ, ಏಕೆಂದರೆ ಮಾನದಂಡ ವರ್ಷ ಕಳೆದಂತೆ ಬಿಗಿಯಾಗುತ್ತಾ ಹೋಗಿದ್ದು, 2012ರ ಐದು ನಕ್ಷತ್ರ 2020ರ ಐದು ನಕ್ಷತ್ರಕ್ಕೆ ಸಮವಲ್ಲ. ಅಮೆರಿಕದ ಐಐಎಚ್‌ಎಸ್ ಸಂಸ್ಥೆ ಗಾಡಿಯ ಮುಂಭಾಗವನ್ನು ಗುದ್ದಿಸುವ ಒಂದು ಪರೀಕ್ಷೆಯಲ್ಲಿ ಎರಡನೇ ಸಾಲಿಗೆ ಬೊಂಬೆಯನ್ನು ಕೂರಿಸಿ ಅಂಕ ಕೊಡಲು ಆರಂಭಿಸಿದ್ದೇ 2022ರಲ್ಲಿ. ಮೂರನೇ ಸಾಲಿನಲ್ಲಿ ಕೂತವರ ತಲೆಗೂ ಹಿಂದಿನ ಗಾಜಿಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನಾನು ಗೇಣಿನಿಂದ ಅಳೆದು ನೋಡುತ್ತೇನೆ.

ಗ್ರೀಸ್ ಕೈ:

ಡೀಸೆಲ್ ಬಗ್ಗೆ ಕೇಳಿದ್ದೀರಿ. ದಿನವೂ ಏಳೆಂಟು ಕಿಲೋಮೀಟರ್ ಓಡಾಡುವವರಿಗೆ ಈಚಿನ ಡೀಸೆಲ್ ಬೇಡ ಎಂದೇ ಹೇಳುತ್ತೇನೆ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜರಡಿ, ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಮಸಿಯನ್ನು ಸುಟ್ಟು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳಬೇಕು. ಹತ್ತು ನಿಮಿಷದ ಓಡಾಟದಲ್ಲಿ ಇಂಜಿನ್ ಬಿಸಿಯಾಗುವುದರೊಳಗೆ ಗಾಡಿ ನಿಲ್ಲುತ್ತದೆ, ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕಾಗಿ ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಗರಿಷ್ಠ ಗೆರೆಯನ್ನು ದಾಟಿದ್ದರೆ, ಮಾಲೀಕರು ಧಾರಾಳವಾಗಿ ಸುರಿದಿದ್ದಾರೆಂದು ಸಂತೋಷಪಡಬೇಡಿ, ಆಯಿಲ್‌ನಲ್ಲಿ ಡೀಸೆಲ್ ಬೆರೆತಿದೆಯೇ ಎಂದು ಮೂಸಿ ನೋಡಿ. ವಾರದಲ್ಲಿ ಒಂದೆರಡು ಸಲವಾದರೂ ಅರ್ಧ ಗಂಟೆ ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಡೀಸೆಲ್ ಈಗಲೂ ಚೆನ್ನಾಗಿಯೇ ಇದೆ.

ನಾಲ್ಕು ಚಕ್ರದ ಚಾಲನೆ ಕೆಸರು, ಹಿಮ, ಕಡಿದಾದ ಕಚ್ಚಾ ದಾರಿ ಇಲ್ಲದವರಿಗೆ ಬೇಕಿಲ್ಲ. ಅದು ಇದ್ದರೆ ಇನ್ನಷ್ಟು ಆಯಿಲ್‌ಗಳು, ಇನ್ನಷ್ಟು ಸೀಲುಗಳು. ಕೊಡಿಯಾಕ್‌ನ ಹಿಂಭಾಗದಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಹ್ಯಾಲ್ಡೆಕ್ಸ್ ಕ್ಲಚ್‌ನ ಆಯಿಲ್ ಬದಲಿಸುವಾಗ ಅದರ ಪಂಪ್‌ನ ಜಾಲರಿಯನ್ನೂ ತೊಳೆಯಬೇಕು, ಇಲ್ಲವಾದರೆ ಪಂಪ್ ಸುಟ್ಟು ಗಾಡಿ ಸದ್ದಿಲ್ಲದೆ ಮುಂದಿನ ಎರಡೇ ಚಕ್ರದಲ್ಲಿ ಓಡುತ್ತಿರುತ್ತದೆ, ಮಾಲೀಕರಿಗೆ ತಿಳಿಯುವುದೇ ಇಲ್ಲ.

ಮಿತಭಾಷಿ:

ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿಯ ಮೋಟಾರೂ ಇರುವ ಹೈಬ್ರಿಡ್ ನಿಮ್ಮ ಓಡಾಟಕ್ಕೆ ಹೊಂದುತ್ತದೆ. ಟೊಯೊಟಾ ಹೈಲ್ಯಾಂಡರ್ ಹೈಬ್ರಿಡ್‌ನಲ್ಲಿ 2020ರ ಮಾದರಿಯಿಂದ 2.5 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಇದೆ, ಅದಕ್ಕೂ ಹಿಂದಿನದರಲ್ಲಿ 3.5 ಲೀಟರಿನ ವಿ6 ಇತ್ತು. ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ಕಿಂಡಿಗಳು ಎರಡನೇ ಸಾಲಿನ ಆಸನದ ಕೆಳಗಿರುತ್ತವೆ. ಅವು ಧೂಳು, ಕೂದಲು, ಮಕ್ಕಳು ಚೆಲ್ಲಿದ ತಿಂಡಿಯ ಪುಡಿಯಿಂದ ಮುಚ್ಚಿಹೋಗಿಲ್ಲವೆಂದು ನೋಡಿ. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಆದ ಮಿತ್ಸುಬಿಷಿ ಔಟ್‌ಲ್ಯಾಂಡರ್ ಪಿಎಚ್‌ಇವಿ ಕಣ್ಣಿಗೆ ಬಿದ್ದರೆ ಎಚ್ಚರವಿರಲಿ, ಹಿಂದಿನ ತಲೆಮಾರಿನ ಆ ಗಾಡಿಯಲ್ಲಿ ಐದೇ ಆಸನ.

ಜಾರುಬಾಗಿಲು:

ಎಲ್ಲರೂ ಕ್ಷಮಿಸಬೇಕು, ಆದರೆ ಇದನ್ನು ಯಾರಾದರೂ ಹೇಳಲೇಬೇಕು. ಏಳು ಜನ ದಿನವೂ ಕೂರುವುದಾದರೆ ಎಸ್‌ಯುವಿಯೇ ಏಕೆ? ಜಾರುವ ಬಾಗಿಲಿನ ಎಂಪಿವಿಯಲ್ಲಿ, ಅಂದರೆ ವ್ಯಾನಿನಂತಹ ಕುಟುಂಬದ ಗಾಡಿಯಲ್ಲಿ, ನೆಲ ತಗ್ಗು, ಹತ್ತುವುದು ಸುಲಭ, ಮೂರನೇ ಸಾಲಿನ ಹಿಂದೆಯೂ ಡಿಕ್ಕಿ ಎನ್ನಬಹುದಾದ ಡಿಕ್ಕಿ ಇರುತ್ತದೆ. ಬಾನೆಟ್ ಎತ್ತರವಾಗಿ ಕಾಣಬೇಕು ಎಂಬ ಒಂದೇ ಆಸೆಗೆ ಅಮ್ಮನ ಮಂಡಿಯನ್ನು ಒತ್ತೆಯಿಡಬೇಡಿ.

ಏಳುಮಂದಿ:

ಜಾರುಬಾಗಿಲು ಅವರೇ, ನಿಮ್ಮ ಮಾತು ನನಗೂ ಒಪ್ಪಿಗೆ. ಆದರೆ ನಮ್ಮ ಮನೆಯ ದಾರಿಯ ಕೊನೆಯ ತುಣುಕು ಕಲ್ಲುಹೊಂಡಗಳಿಂದ ಕೂಡಿದ್ದು, ಈಗಿನ ಕಾರೇ ಆಗಾಗ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಆ ಕಾರಣಕ್ಕಷ್ಟೇ ಸ್ವಲ್ಪ ಎತ್ತರದ ಗಾಡಿ ಬೇಕಾಗಿದೆ.

ಈ ವಾರ ಒಂದು ಪೆಟ್ರೋಲ್ ಗಾಡಿಯನ್ನು ನೋಡಿ ಬಂದೆ. ಮಾದರಿಯ ಹೆಸರನ್ನು ಹೇಳುವುದಿಲ್ಲ, ತಪ್ಪು ಮಾದರಿಯದಲ್ಲ. ಒಳಗೆಲ್ಲ ಸುಗಂಧ ಘಮ್ಮೆನ್ನುತ್ತಿತ್ತು. ಓಡೋಮೀಟರಿನಲ್ಲಿ 58,000 ಕಿಲೋಮೀಟರ್ ಇತ್ತು, ಆದರೆ ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿತ್ತು, ಚಾಲಕನ ಆಸನದ ಅಂಚು ಕುಸಿದಿತ್ತು. ಮೂರನೇ ಸಾಲಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದಾಗ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಬಣ್ಣದ ಗೆರೆಯೊಂದು ಕಂಡಿತು. ಮಾರುವವರು ಅದು ತಂಪು ಪಾನೀಯ ಚೆಲ್ಲಿದ ಕಲೆ ಎಂದರು. ಏಳನೇ ಆಸನದವರೆಗೆ ಹರಿಯಬೇಕಾದರೆ ಎಷ್ಟು ಪಾನೀಯ ಬೇಕು ಎಂದು ಯೋಚಿಸುತ್ತಾ ಹೊರಬಂದೆ. ನನ್ನ ಅನುಮಾನ ಸರಿಯೇ?

ಗ್ರೀಸ್ ಕೈ:

ಸರಿಯಾಗಿಯೇ ಇದೆ. ಆಸನ, ಹಾಸು ಎಲ್ಲವನ್ನೂ ತೊಳೆಯಬಹುದು, ಬೆಲ್ಟ್ ಸುತ್ತಿಕೊಳ್ಳುವ ಜಾಗವನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಆಸನದ ಹಳಿಗಳ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಳಿಯಲ್ಲಿ ಹೂಳು ಇದ್ದರೆ ಆ ಗಾಡಿ ನೀರಿನಲ್ಲಿ ನಿಂತಿದೆ ಎಂದೇ ತಿಳಿಯಿರಿ. ನೀರು ಹೊಕ್ಕ ವೈರಿಂಗ್ ತಿಂಗಳುಗಳ ಬಳಿಕ ಒಂದೊಂದಾಗಿ ಕೈ ಕೊಡುತ್ತದೆ. ಒಂದು ಮಾತು ಮಾತ್ರ ಗಮನದಲ್ಲಿರಲಿ: ಗಾಜಿನ ಚಾವಣಿಯ ನೀರು ಹರಿಯುವ ಕೊಳವೆ ಕಟ್ಟಿದರೂ ಕಾಲಡಿಯ ಹಾಸು ಒದ್ದೆಯಾಗುತ್ತದೆ, ಆದ್ದರಿಂದ ಹಸಿ ಕಂಡ ಕೂಡಲೇ ನೆರೆ ಎಂದು ತೀರ್ಮಾನಿಸಬಾರದು.

ಮುಂದಿನ ಗಾಡಿಗೆ ಹೋಗುವಾಗ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಒಂದು ಚಿಕ್ಕ ಒಬಿಡಿ ಸ್ಕ್ಯಾನರ್ ಒಯ್ಯಿರಿ. ದೋಷದ ಸಂಕೇತ ಇಲ್ಲವೆಂದು ತೋರಿಸಿದರೆ ಸಾಲದು, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸ್ವಯಂಪರೀಕ್ಷೆಗಳೆಲ್ಲ ಮುಗಿದಿವೆಯೇ ಎಂದೂ ನೋಡಬೇಕು. ಹಲವು ಪರೀಕ್ಷೆಗಳು “ಇನ್ನೂ ಸಿದ್ಧವಿಲ್ಲ” ಎಂದು ತೋರಿಸಿದರೆ, ಯಾರೋ ಈಚೆಗೆ ಸಂಕೇತಗಳನ್ನು ಅಳಿಸಿರಬಹುದು, ಇಲ್ಲವೇ ಬ್ಯಾಟರಿಯನ್ನು ಬಿಚ್ಚಿರಬಹುದು. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಚಾಲೂ ಮಾಡಿ ಕೇಳಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ, ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಹದಿನೇಳು ಅಕ್ಷರ ಸಂಖ್ಯೆಗಳ ಗಾಡಿಯ ಗುರುತನ್ನು ಕೊಟ್ಟು, ತಯಾರಕರು ಹಿಂದಕ್ಕೆ ಕರೆಸಿದ ದುರಸ್ತಿ ಯಾವುದಾದರೂ ಬಾಕಿ ಇದೆಯೇ ಎಂದು ವಿಚಾರಿಸಿ. ಟಕಾಟ ಎಂಬ ಕಂಪನಿಯ ಏರ್‌ಬ್ಯಾಗ್‌ಗಳನ್ನು ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟ್ ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದು ಕೆಟ್ಟು, ಲೋಹದ ಚೂರುಗಳನ್ನು ಸಿಡಿಸಿ ಜನರ ಪ್ರಾಣವನ್ನೇ ತೆಗೆದಿದೆ.

ಏಳುಮಂದಿ:

ಕೊನೆಗೂ ಗಾಡಿ ಮನೆಗೆ ಬಂದಿದೆ. ಆರು ವರ್ಷ ಹಳೆಯ ಕೊಡಿಯಾಕ್, ಪೆಟ್ರೋಲ್, ಮುಂದಿನ ಎರಡು ಚಕ್ರದ ಚಾಲನೆ, 83,000 ಕಿಲೋಮೀಟರ್ ಓಡಿದ್ದು. ಮೊದಲ ಮಾಲೀಕರು ಆಯಿಲ್ ಬದಲಿಸಿದ ಪ್ರತಿಯೊಂದು ರಸೀದಿಯನ್ನೂ ದಾರ ಕಟ್ಟಿ ಇಟ್ಟಿದ್ದರು, ನಾನು ಮೆಚ್ಚಿದ್ದು ಆ ದಾರವನ್ನು. ಇಂಜಿನ್ ತಣ್ಣಗಿತ್ತು, ಸ್ಕ್ಯಾನರಿನಲ್ಲಿ ಎಲ್ಲ ಪರೀಕ್ಷೆಗಳೂ ಮುಗಿದಿದ್ದವು, ಏಳೂ ಬೆಲ್ಟುಗಳು ಸ್ವಚ್ಛವಾಗಿದ್ದವು. ಮಗುವಿನ ಸೀಟನ್ನು ಅಲ್ಲೇ ಕಟ್ಟಿ, ದೊಡ್ಡವರಿಬ್ಬರನ್ನು ಇನ್ನೊಂದು ಕಡೆಯಿಂದ ಮೂರನೇ ಸಾಲಿಗೆ ಹತ್ತಿಸಿದೆವು. ಅಪ್ಪ ಮುಂದೆ ಕೂರುವುದೆಂದೂ, ಹಿಂದೆ ದಾರಿ ಬಿಡಲು ಇಳಿಯುವ ಕೆಲಸ ನನ್ನ ಪತ್ನಿಯದೆಂದೂ ಮನೆಯಲ್ಲಿ ಒಪ್ಪಂದವಾಗಿದೆ. ಸಾಮಾನಿಗೆ ಚಾವಣಿಯ ಪೆಟ್ಟಿಗೆಯೊಂದನ್ನು ನೋಡುತ್ತಿದ್ದೇನೆ, ಲೆಕ್ಕಪತ್ರದವರ ಕೂಡುವಿಕೆಯನ್ನು ಫಲಕದ ಸಂಖ್ಯೆಯೊಂದಿಗೆ ಹೋಲಿಸಿಯೇ ಕೊಳ್ಳುತ್ತೇನೆ. ಟೈರುಗಳ ಮೇಲೆ ಕೊನೆಯ ನಾಲ್ಕು ಅಂಕಿ 2318 ಎಂದಿದೆ. ಹೊರಗಿನ ಹಲ್ಲು ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು ವರ್ಷ ಓಡಿಸಬಹುದೇ?

ಗ್ರೀಸ್ ಕೈ:

2018ರ 23ನೇ ವಾರದಲ್ಲಿ ಮಾಡಿದ ಟೈರುಗಳು. ಹಲ್ಲು ಉಳಿದಿದ್ದರೂ ರಬ್ಬರ್ ಮುಪ್ಪಾಗಿರುತ್ತದೆ. ಏಳು ಜನ ತುಂಬಿದ ಗಾಡಿಯ ಭಾರ ಹೊರಬೇಕಾದ್ದರಿಂದ ಮೊದಲ ದೂರದ ಪ್ರಯಾಣಕ್ಕೆ ಮುನ್ನ ನಾಲ್ಕನ್ನೂ ಬದಲಿಸಿ, ಹೊಸದರ ಮೇಲೆ, ಟೈರು ಎಷ್ಟು ಭಾರ ಹೊರಬಲ್ಲದೆಂದು ಹೇಳುವ ಭಾರದ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ರಸೀದಿ ಆ ದಾರದಲ್ಲಿ ಇದೆಯೇ ಎಂದು ಒಮ್ಮೆ ಹುಡುಕಿ. ಇಲ್ಲದಿದ್ದರೆ ಅದನ್ನೂ ಅದೇ ದಿನ ಮಾಡಿಸಿಬಿಡಿ.